ಟ್ಯೂಬ್ ಹಚ್ಚಿ ಮೊಲೆಯೂಡಿಸುವುದು: ಬಸ್ಸಿನಲ್ಲಿ, ಛತ್ರದಲ್ಲಿ, ರೈಲಿನಲ್ಲಿ

ಹೊರಗಡೆ ಹಾಲೂಡಿಸುವುದು ಹೇಗೆ ಅಂತ ಯಾರನ್ನೇ ಕೇಳಿ, ಎದೆ ಮುಚ್ಚಿಕೊಳ್ಳುವ ಉಪಾಯ ಹೇಳಿಕೊಡುತ್ತಾರೆ. ಅದಕ್ಕೆ ನಮ್ಮ ಸೆರಗು ಸಾಕು. ದತ್ತು ತಂದ ಮಗುವಿಗೆ ಟ್ಯೂಬ್ ಇಟ್ಟು ಮೊಲೆಯೂಡಿಸುವವರ ತಾಪತ್ರಯ ಬೇರೆ. ಕೊರಳಲ್ಲಿ ಪೌಡರ್ ಹಾಲಿನ ಬಾಟ್ಲಿ, ಅಲ್ಲಿಂದ ಎದೆಗೆ ಒಂದು ಸಣ್ಣ ಕೊಳವೆ. ಅದು ಕಂಡಿತೋ, ಪಕ್ಕದ ಸೀಟಿನವರ ಮಾತು ಶುರುವಾಗುತ್ತದೆ, ಎರಡೇ ಪ್ರಶ್ನೆಗೆ ಮಗು ಯಾರದು ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಹಾಗಾಗಿ ನಾನು ಹೇಳುವುದು ಮುಖ್ಯವಾಗಿ ಎರಡು ವಿಷಯ: ಹೊರಗೆ ಕೂತಾಗ ಕೈ ತಡವರಿಸದಂತೆ ಎಲ್ಲವನ್ನೂ ಮನೆಯಲ್ಲೇ ಹೊಂದಿಸಿಕೊಳ್ಳುವುದು, ಯಾರಿಗೆ ಎಷ್ಟು ಹೇಳಬೇಕು ಅನ್ನುವುದನ್ನು ಮನೆಯಿಂದ ಹೊರಡುವ ಮೊದಲೇ ತೀರ್ಮಾನ ಮಾಡಿಕೊಳ್ಳುವುದು.

ನಾನು ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವವಳು. ಡಾಕ್ಟರಲ್ಲ, ನರ್ಸಲ್ಲ. ಮಗಳು ಮನೆಗೆ ಬಂದಾಗ ಅವಳಿಗೆ ನಾಲ್ಕನೇ ತಿಂಗಳು ನಡೆಯುತ್ತಿತ್ತು. ಕಾನೂನಿನ ದಾರಿಯಲ್ಲಿ ಬರುವ ಮಗು ಅದಕ್ಕಿಂತ ತೀರಾ ಮುಂಚೆ ಬರುವುದೂ ಕಷ್ಟ. ಹೆತ್ತವರು ತಾವಾಗಿ ಒಪ್ಪಿಸಿದ ಮಗುವಾದರೆ ಅವರಿಗೆ ಮನಸ್ಸು ಬದಲಿಸಲು 60 ದಿನ ಇರುತ್ತದೆ. ಅದಾದ ಮೇಲೆ ಮಕ್ಕಳ ಕಲ್ಯಾಣ ಸಮಿತಿ ಈ ಮಗುವನ್ನು ದತ್ತು ಕೊಡಬಹುದು ಅಂತ ಘೋಷಿಸಬೇಕು, ಆಮೇಲೆ ನಮ್ಮ ಸರದಿ. ಇದನ್ನು ಯಾಕೆ ಹೇಳುತ್ತೇನೆಂದರೆ, ಅಷ್ಟು ದಿನದಲ್ಲಿ ಮಗು ಬಾಟ್ಲಿಗೆ ಒಗ್ಗಿರುತ್ತದೆ. ಬಾಯಿಗಿಟ್ಟ ತಕ್ಷಣ ಹಾಲು ಬರಬೇಕು ಅದಕ್ಕೆ. ಬರಿ ಮೊಲೆಯಿಟ್ಟರೆ ಎರಡು ಸಲ ಚೀಪಿ, ಏನೂ ಬರದೆ, ಬೆನ್ನು ಬಿಲ್ಲು ಮಾಡಿಕೊಂಡು ಚೀರುತ್ತದೆ. ಟ್ಯೂಬಿನ ಕೆಲಸ ಇಲ್ಲಿಯೇ. ಮಗು ಮೊಲೆ ಚೀಪುತ್ತಿರುವಾಗ ಟ್ಯೂಬಿನಲ್ಲಿ ಹಾಲು ಬರುತ್ತದೆ, ಮೊಲೆಯಲ್ಲಿ ಹಾಲಿದೆ ಅಂತ ಅದು ನಂಬುತ್ತದೆ, ಬಿಡದೆ ಚೀಪುತ್ತದೆ. ಹಾಗೆ ಚೀಪಿಸಿಕೊಂಡೇ ಕೆಲವರಿಗೆ ನಿಜವಾಗಿಯೂ ಹಾಲು ಬರುತ್ತದೆ. ನನಗೆ ಬಂತು, ಆದರೆ ಹೊಟ್ಟೆ ತುಂಬುವಷ್ಟು ಅಲ್ಲ. ಹೆಚ್ಚಿನವರದೂ ಅದೇ ಕಥೆ, ಬೇಜಾರು ಮಾಡಿಕೊಳ್ಳುವಂಥದ್ದಲ್ಲ. ಹಾಲು ಬರಿಸಲು ಮಾತ್ರೆ ಕೊಡುತ್ತಾರೆ, ಡೋಂಪೆರಿಡೋನ್ ಅಂತ. ಅದು ಹೃದಯದ ಬಡಿತಕ್ಕೆ ತೊಂದರೆ ಮಾಡಬಲ್ಲ ಮಾತ್ರೆ. ಮೆಡಿಕಲ್ ಶಾಪಿನವನ ಮಾತು ಕೇಳಿ ನುಂಗಬೇಡಿ, ಡಾಕ್ಟರ್ ಇಸಿಜಿ ನೋಡಿ ಬೇಕೋ ಬೇಡವೋ ಹೇಳಲಿ.

ಸಾಧನದಲ್ಲಿ ಎರಡು ಬಗೆ. ಒಂದು ರೆಡಿಮೇಡ್. ಮೆಡೆಲಾ ಕಂಪನಿಯ ಎಸ್‌ಎನ್‌ಎಸ್ ಅನ್ನುವುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತು. 150 ಮಿಲಿ ಬಾಟ್ಲಿ, ಕೊರಳಿಗೆ ಹಾಕಿಕೊಳ್ಳುವ ದಾರ, ಎರಡು ಎದೆಗೂ ಒಂದೊಂದು ಟ್ಯೂಬ್. ದಪ್ಪ, ಮಧ್ಯಮ, ಸಣ್ಣ ಅಂತ ಮೂರು ಅಳತೆಯ ಟ್ಯೂಬ್ ಜೊತೆಗೇ ಬರುತ್ತದೆ. ಬೆಲೆ ಜಾಸ್ತಿ. ಇನ್ನೊಂದು ನಾವೇ ಮಾಡಿಕೊಳ್ಳುವುದು: ಮೆಡಿಕಲ್ ಶಾಪಿನಲ್ಲಿ ಸಿಗುವ ಇನ್‌ಫೆಂಟ್ ಫೀಡಿಂಗ್ ಟ್ಯೂಬ್ ಮತ್ತು ಒಂದು ಬಾಟ್ಲಿ. ಟ್ಯೂಬಿಗೆ ನಂಬರ್ ಇರುತ್ತದೆ. ಬುಡದ ಬಣ್ಣ ನೋಡಿಯೂ ಹೇಳಬಹುದು: 5 ಬೂದು, 6 ತಿಳಿಹಸಿರು, 8 ನೀಲಿ. 8 ನಂಬರ್ ನಮಗೆ ಬೇಡ, ಹಾಲು ನುಗ್ಗಿ ಬರುತ್ತದೆ. ಬಾಟ್ಲಿಯ ವೇಗಕ್ಕೆ ಒಗ್ಗಿದ ಮಗುವಿಗೆ 6ರಲ್ಲಿ ಶುರು ಮಾಡಿ, ಮೊಲೆ ಹಿಡಿಯುವುದು ರೂಢಿಯಾದ ಮೇಲೆ 5ಕ್ಕೆ ಇಳಿಯಬಹುದು. ಆ ಟ್ಯೂಬಿನ ಪ್ಯಾಕೆಟ್ ಮೇಲೆ ಒಂದೇ ಸಲ ಬಳಸಿ ಅಂತ ಬರೆದಿರುತ್ತದೆ. ತೊಳೆದು ಮತ್ತೆ ಬಳಸುವುದಾದರೆ ಎಷ್ಟು ದಿನ ಅಂತ ನಿಮ್ಮ ಮಕ್ಕಳ ಡಾಕ್ಟರನ್ನೇ ಕೇಳಿ. ಗಟ್ಟಿಯಾದ ಟ್ಯೂಬನ್ನಂತೂ ಎಸೆಯಲೇಬೇಕು, ತುದಿ ಮಗುವಿನ ವಸಡಿಗೆ ಚುಚ್ಚುತ್ತದೆ.

ಮನೆಯಲ್ಲಿ ಮಾಡುವ ಸಾಧನದ ಗುಟ್ಟು ಇಷ್ಟೇ. ಬಾಟ್ಲಿಯ ನಿಪ್ಪಲಿನ ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಟ್ಯೂಬನ್ನು ಒಳಗಿನಿಂದ ಹೊರಕ್ಕೆ ತೂರಿಸಬೇಕು. ಬಣ್ಣದ ಬುಡ ಬಾಟ್ಲಿಯ ತಳ ಮುಟ್ಟಿರಬೇಕು, ನುಣುಪಾದ ತುದಿ ಮಗುವಿನ ಬಾಯಿಗೆ. ತೂತು ಟ್ಯೂಬಿಗೆ ಬಿಗಿಯಾಗಿ ಕೂರಬಾರದು. ಗಾಳಿ ಒಳಗೆ ಹೋಗದಿದ್ದರೆ ಹಾಲು ಹೊರಗೆ ಬರುವುದಿಲ್ಲ. ತುದಿಯ ಹತ್ತಿರ ಪಕ್ಕದಲ್ಲಿ ಎರಡು ಕಣ್ಣು ಇರುತ್ತವೆ, ಹಾಲು ಬರುವುದು ಅಲ್ಲಿಂದ. ಎರಡೂ ಕಣ್ಣು ಬಾಯೊಳಗೆ ಇರಬೇಕು. ಒಂದು ಹೊರಗುಳಿದರೂ ಮಗು ಗಾಳಿ ಕುಡಿಯುತ್ತದೆ, ಹಾಲು ನಿಮ್ಮ ಬ್ಲೌಸ್ ಕುಡಿಯುತ್ತದೆ.

ಟ್ಯೂಬಿನ ತುದಿ ಮೊಲೆತೊಟ್ಟಿನ ತುದಿಗೆ ಸಮ ಇರಲಿ, ಮುಂದೆ ಹೋದರೂ ಅರ್ಧ ಸೆಂಟಿಮೀಟರ್ ಮೀರಬಾರದು. ಉದ್ದವಾದರೆ ಮಗು ಮೊಲೆ ಬಿಟ್ಟು ಟ್ಯೂಬನ್ನಷ್ಟೇ ಹೀರುವುದು ಕಲಿಯುತ್ತದೆ. ಹಲ್ಲಿಲ್ಲದಿದ್ದರೂ ಭಾರೀ ಜಾಣರು. ಬಾಯಿಯ ಮೂಲೆಯಿಂದ ಒಳಗೆ ಹೋಗಿ ಅಂಗುಳದ ಕಡೆಗೆ ತಿರುಗಿರುವಂತೆ ಇಟ್ಟರೆ ಚೆನ್ನಾಗಿ ಬರುತ್ತದೆ. ಬಿಳಿ ಪೇಪರ್ ಟೇಪನ್ನು ಕಪ್ಪು ಭಾಗದಿಂದ ಎರಡು ಬೆರಳು ಹಿಂದಕ್ಕೆ ಅಂಟಿಸಿ. ಎಣ್ಣೆ ನೀರು ಹಾಕಿಕೊಂಡ ದಿನ ಟೇಪ್ ಹಿಡಿಯುವುದಿಲ್ಲ. ಆ ಜಾಗಕ್ಕೆ ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿ, ಆಮೇಲೆ ಹೊರಡಿ. ಬೇಸಿಗೆಯಲ್ಲಿ ನಮ್ಮೂರ ಬೆವರಿಗಂತೂ ಟೇಪು ಎರಡು ಕಡೆ ಹಾಕಲೇಬೇಕು.

ಇಷ್ಟೆಲ್ಲ ಮನೆಯಲ್ಲಿ ಕಣ್ಣುಮುಚ್ಚಿ ಮಾಡುವಷ್ಟು ರೂಢಿಯಾಗುವ ತನಕ ಹೊರಗೆ ಹೋಗುವಾಗ ಬಾಟ್ಲಿಯನ್ನೋ ಒಳಲೆಯನ್ನೋ ಒಯ್ಯಿರಿ, ನಾಚಿಕೆಯೇನಿಲ್ಲ. ನಮ್ಮ ಅತ್ತೆ ಒಳಲೆಯಲ್ಲಿ ಒಂದು ತೊಟ್ಟೂ ಚೆಲ್ಲದೆ ಕುಡಿಸುತ್ತಿದ್ದರು.

ಈಗ ನನ್ನ ಕಸುಬಿನ ಮಾತು, ಬಟ್ಟೆ. ರೆಡಿಮೇಡ್ ಸಾಧನದ ಜೊತೆ ಬರುವ ದಾರ ಮನೆಗೆ ಸರಿ, ಹೊರಗೆ ಅದು ಸೆರಗಿನ ಮೇಲೆ ಉಬ್ಬಿಕೊಂಡು ಕಾಣುತ್ತದೆ. ಲೈನಿಂಗ್ ಕಾಟನ್‌ನಲ್ಲಿ ಬಾಟ್ಲಿಗೆ ಒಂದು ಚೀಲ ಹೊಲಿದುಕೊಳ್ಳಿ. ಬ್ಲೌಸ್‌ಗೇ ಜೇಬು ಇಟ್ಟು ಅದರಲ್ಲಿ ಬಾಟ್ಲಿ ಹಾಕಬಾರದು, ಹಾಲಿನ ಭಾರಕ್ಕೆ ಕೊರಳು ಜಗ್ಗಿ ಹೆಗಲು ಜಾರುತ್ತದೆ. ಚೀಲಕ್ಕೆ ಮುಕ್ಕಾಲು ಇಂಚಿನ ಪಟ್ಟಿ ಹೊಲಿದು ಕೊರಳಿಂದ ಕಂಕುಳಿಗೆ ಓರೆಯಾಗಿ ಹಾಕಿಕೊಳ್ಳಿ. ಪಟ್ಟಿಯ ಮೇಲೆ ಟಿಚ್ ಬಟನ್ ಸಾಲಾಗಿ ಮೂರು ಇರಲಿ. ಮೇಲಿನದಕ್ಕೆ ಹಾಕಿದರೆ ಬಾಟ್ಲಿ ಮೇಲೇರಬೇಕು, ಕೆಳಗಿನದಕ್ಕೆ ಹಾಕಿದರೆ ಇಳಿಯಬೇಕು. ಇದು ಅಂದಕ್ಕಲ್ಲ. ಡ್ರಮ್ಮಿಗೆ ಪೈಪ್ ಹಾಕಿ ನೀರು ಎಳೆಯುತ್ತೇವಲ್ಲ, ಅದೇ ಲೆಕ್ಕ: ಬಾಟ್ಲಿಯ ಹಾಲಿನ ಮಟ್ಟ ಮೊಲೆತೊಟ್ಟಿಗಿಂತ ಮೇಲಿದ್ದಷ್ಟೂ ಹಾಲು ಬೇಗ ಇಳಿಯುತ್ತದೆ, ಕೆಳಗಿದ್ದರೆ ಮಗು ಶ್ರಮಪಟ್ಟು ಎಳೆಯಬೇಕು. ಬಸ್ ಹೊರಡಲು ಸ್ವಲ್ಪವೇ ಹೊತ್ತಿದೆ ಅಂದರೆ ಒಂದು ಬಟನ್ ಮೇಲೆ, ಛತ್ರದಲ್ಲಿ ಆರಾಮಾಗಿ ಕೂತಿದ್ದರೆ ಕೆಳಗೆ. ಅವಸರಕ್ಕೆ ಬಾಟ್ಲಿಯನ್ನು ಮಾತ್ರ ಹಿಚುಕಬೇಡಿ, ಮಗುವಿನ ನೆತ್ತಿಗೇರುತ್ತದೆ. ಚೀಲದ ಮುಂದುಗಡೆ ಬೆರಳಗಲ ಸೀಳು ಬಿಟ್ಟು ಅದಕ್ಕೆ ನೆಟ್ ಬಟ್ಟೆ ಹಚ್ಚಿದರೆ ಹಾಲು ಎಷ್ಟು ಇಳಿಯಿತು ಅನ್ನುವುದು ಸೆರಗು ಸರಿಸಿದರೆ ಸಾಕು, ಕಾಣುತ್ತದೆ.

ಬ್ಲೌಸ್ ಮುಂದುಗಡೆ ಹುಕ್ಕಿನದೇ ಇರಲಿ, ಬಿಚ್ಚುವುದು ಕೆಳಗಿನ ಎರಡು ಮೂರು ಹುಕ್ಕು. ಮೇಲಿನವು ಹಾಕಿಯೇ ಇದ್ದರೆ ಎದೆಯ ಮೇಲ್ಭಾಗ ಮುಚ್ಚಿರುತ್ತದೆ, ಟ್ಯೂಬೂ ಅದರೊಳಗೇ ಇರುತ್ತದೆ. ಲೈನಿಂಗಿಗೆ, ಹೆಗಲಿನ ಹೊಲಿಗೆಯ ಹತ್ತಿರ ಒಂದು, ಕಂಕುಳಿನ ಕೆಳಗೆ ಒಂದು, ದಾರದ ಕುಣಿಕೆ ಹಾಕಿ. ಟ್ಯೂಬ್ ಆ ಕುಣಿಕೆಗಳಲ್ಲಿ ಹಾದು ಎದೆಗೆ ಬರಲಿ. ಆ ಟ್ಯೂಬ್ ಉದ್ದ ಹೆಚ್ಚೆಂದರೆ ಅರ್ಧ ಮೀಟರು, ಹಾಗಾಗಿ ಬಳಸಿ ಬಳಸಿ ತರಲು ಆಗುವುದಿಲ್ಲ, ಬಾಟ್ಲಿ ಹತ್ತಿರವೇ ಇರಬೇಕು. ಐದು ತಿಂಗಳ ಮೇಲೆ ಮಕ್ಕಳ ಕೈ ಸುಮ್ಮನಿರುವುದಿಲ್ಲ. ನನ್ನ ಮಗಳು ತಾಳಿ ಬಿಟ್ಟು ಟ್ಯೂಬ್ ಹಿಡಿಯುತ್ತಿದ್ದಳು, ಒಂದೇ ಎಳೆತಕ್ಕೆ ಟೇಪು ಕಿತ್ತು ಬರುತ್ತಿತ್ತು. ಕಂಕುಳ ಕಡೆಯಿಂದ ಟ್ಯೂಬ್ ತಂದರೆ ಮಗುವಿನ ಮೇಲಿನ ಕೈಗೆ ಅದು ಸಿಗುವುದಿಲ್ಲ. ಆ ಕೈಗೆ ಒಂದು ಬಟ್ಟೆಯ ಮಣಿಸರವನ್ನೋ ಸೆರಗಿನ ಗೊಂಡೆಯನ್ನೋ ಕೊಟ್ಟುಬಿಡಿ.

ಬಣ್ಣದ ವಿಷಯ: ಹೂವಿನ ಪ್ರಿಂಟ್ ಹಾಕಿ. ಪೌಡರ್ ಹಾಲು ಕಡು ಬಣ್ಣದ ಮೇಲೆ ಒಣಗಿದರೆ ಬೆಳ್ಳಗೆ ಕಲೆ, ರೇಷ್ಮೆಯ ಮೇಲೆ ಬಿದ್ದರೆ ಡ್ರೈ ಕ್ಲೀನಿಂಗ್ ಖರ್ಚು. ಚೂಡಿದಾರ ಹಾಕುವವರು ಎದೆಯ ಕೆಳಗಿನ ಹೊಲಿಗೆಯಲ್ಲಿ ಅಡ್ಡ ಜಿಪ್ ಇಡಿಸಿಕೊಳ್ಳಬಹುದು. ಅಂಗಡಿಯಲ್ಲಿ ಸಿಗುವ ಕೊರಳಿಂದ ಇಳಿಬಿಡುವ ಫೀಡಿಂಗ್ ಕವರ್ ನನಗೆ ಹಿಡಿಸಲಿಲ್ಲ. ಒಳಗೆ ಮಗು ಬೆವೆತು ತೊಯ್ದುಹೋಗುತ್ತದೆ, ನಮಗೆ ಬಾಯಿಯ ಮೂಲೆ ಕಾಣುವುದಿಲ್ಲ. ಬರಿ ಎದೆಹಾಲಾದರೆ ನೋಡದೆಯೂ ನಡೆಯುತ್ತದೆ, ಟ್ಯೂಬ್ ಇದ್ದಾಗ ನೋಡುತ್ತಲೇ ಇರಬೇಕು. ಸೆರಗನ್ನೋ ವೇಲನ್ನೋ ಹೆಗಲ ಮೇಲೆ ಪಿನ್ ಮಾಡಿ, ಮೇಲಿನಿಂದ ನಿಮ್ಮ ಕಣ್ಣಿಗೆ ಮಾತ್ರ ಕಿಂಡಿ ಬಿಟ್ಟುಕೊಳ್ಳಿ.

ಹಾಲಿನ ವಿಷಯದಲ್ಲಿ ಮಾತ್ರ ಅಂದಾಜು ನಡೆಯದು. ಪೌಡರ್ ಡಬ್ಬಿಯಲ್ಲಿ ಬರೆದ ಅಳತೆಯೇ ಅಳತೆ. ಟ್ಯೂಬಿನಲ್ಲಿ ಸಲೀಸಾಗಿ ಬರಲಿ ಅಂತ ನೀರು ಹೆಚ್ಚು ಹಾಕುವವರಿದ್ದಾರೆ, ಅದು ಮಗುವಿನ ಹೊಟ್ಟೆಗೆ ಮಾಡುವ ಮೋಸ. ಪೌಡರ್‌ನಲ್ಲೇ ರೋಗಾಣು ಇರಬಹುದಾದ್ದರಿಂದ ಕಲಸುವ ನೀರು 70 ಡಿಗ್ರಿಗೆ ಕಡಿಮೆ ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊರಡುವ ಮುಂಚೆ ಕುದಿಸಿದ ನೀರನ್ನು ಒಳ್ಳೆಯ ಫ್ಲಾಸ್ಕಿಗೆ ತುಂಬಿ. ಒಂದೊಂದು ಹೊತ್ತಿಗೆ ಬೇಕಾಗುವಷ್ಟೇ ಪೌಡರನ್ನು ಒಣಗಿದ ಸಣ್ಣ ಡಬ್ಬಿಗಳಲ್ಲಿ ಹಾಕಿಕೊಳ್ಳಿ. ಅಲ್ಲೇ ಕಲಸಿ, ಬಾಟ್ಲಿಯನ್ನು ತಣ್ಣೀರಿನ ಸ್ಟೀಲ್ ಡಬ್ಬಿಯಲ್ಲಿ ಇಟ್ಟು ಆರಿಸಿ, ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿ. ಆರಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಮಗು ಅಳುವ ತನಕ ಕಾಯದೆ ಕೈ ಚೀಪಲು ಶುರು ಮಾಡಿದಾಗಲೇ ಕಲಸಿ. ಕಲಸಿದ ಹಾಲು ಎರಡು ಗಂಟೆಯೊಳಗೆ ಮುಗಿಯಬೇಕು, ಮಗು ಬಾಯಿ ಹಚ್ಚಿದ್ದಾದರೆ ಒಂದು ಗಂಟೆಯೊಳಗೆ. ಉಳಿದದ್ದನ್ನು ಚೆಲ್ಲಿ. ದುಡ್ಡಿನ ಮುಖ ನೋಡಬೇಡಿ.

ಇನ್ನೊಂದು, ಗಂಟು. ಪೌಡರಿನ ಒಂದು ಸಣ್ಣ ಗಂಟು ಸಾಕು 5 ನಂಬರ್ ಟ್ಯೂಬ್ ಕಟ್ಟಿಕೊಳ್ಳಲು. ಚೆನ್ನಾಗಿ ಕುಲುಕಿ, ನೊರೆ ಇಳಿಯುವ ತನಕ ಬಿಡಿ. ಚೀಲದಲ್ಲಿ ಒಂದು 10 ಮಿಲಿ ಸಿರಿಂಜ್ ಇರಲಿ. ಕಟ್ಟಿಕೊಂಡರೆ ಟ್ಯೂಬನ್ನು ಮಗುವಿನ ಬಾಯಿಂದ ತೆಗೆದು, ಕುದಿಸಿ ಆರಿಸಿದ ನೀರು ಹಾಯಿಸಿದರೆ ಬಿಡುತ್ತದೆ.

ಕೂರುವ ಕ್ರಮ ಹೇಳುತ್ತೇನೆ. ಓಡುವ ಬಸ್ಸಿನಲ್ಲಿ, ಅದರಲ್ಲೂ ಹಳ್ಳಿ ರಸ್ತೆಯಲ್ಲಿ, ಟ್ಯೂಬ್ ಬೇಡ. ಹಂಪ್ ಬಂದರೆ ತುದಿ ಗಂಟಲ ಕಡೆಗೆ ಜಾರಬಹುದು. ಬಸ್ ನಿಂತಿರುವಾಗ, ಇಲ್ಲವೇ ಹತ್ತುವ ಮೊದಲು ಕುಡಿಸಿ. ರೈಲು ಪರವಾಗಿಲ್ಲ. ಕೆಳಗಿನ ಬರ್ತ್‌ನಲ್ಲಿ ಕಿಟಕಿಗೆ ಬೆನ್ನು ಕೊಟ್ಟು ಅಲ್ಲ, ಗೋಡೆಗೆ ಬೆನ್ನು ಕೊಟ್ಟು ಕಾಲು ಮಡಿಸಿ ಕೂತರೆ ಮಗುವಿನ ತಲೆ ಒಳಗಡೆ ಬರುತ್ತದೆ, ನಡೆದಾಡುವವರ ಚೀಲ ತಾಗುವುದಿಲ್ಲ. ಟ್ಯೂಬನ್ನು ಹೊರಡುವ ಮೊದಲೇ ಎದೆಗೆ ಅಂಟಿಸಿಕೊಂಡು, ತುದಿಗೆ ಶುಭ್ರವಾದ ಗಾಜ್ ಬಟ್ಟೆ ಸುತ್ತಿಟ್ಟುಕೊಂಡರೆ ಅಲ್ಲಿ ಬಾಟ್ಲಿ ಸೇರಿಸುವುದಷ್ಟೇ ಕೆಲಸ. ಕೈ ತೊಳೆಯಿರಿ. ಟ್ಯೂಬನ್ನು ಬೆರಳಲ್ಲಿ ಮಡಿಚಿ ಹಿಡಿದುಕೊಂಡೇ ಮಗುವನ್ನು ಎದೆಗೆ ಹಾಕಿಕೊಳ್ಳಿ, ಬಾಯಿ ಅಗಲ ತೆರೆದು ಮೊಲೆ ಹಿಡಿದ ಮೇಲೆ ಬೆರಳು ಬಿಡಿ. ಮೊದಲೇ ಬಿಟ್ಟರೆ ಹಾಲು ತೊಟ್ಟಿಕ್ಕಿ ಸೀರೆಯೆಲ್ಲ ಒದ್ದೆ. ಬಾಟ್ಲಿಯಲ್ಲಿ ಹಾಲು ಇಳಿಯುತ್ತಿದ್ದರೆ, ಗಂಟಲಲ್ಲಿ ಗುಟುಕು ಕೇಳುತ್ತಿದ್ದರೆ ಎಲ್ಲ ಸರಿಯಿದೆ. ಹಾಲು ಇಳಿಯುತ್ತಿಲ್ಲ, ಮಗು ಮಾತ್ರ ಚೀಪುತ್ತಿದೆ ಅಂದರೆ ಟ್ಯೂಬ್ ನಾಲಿಗೆಯ ಕೆಳಗೆ ಸೇರಿರುತ್ತದೆ, ಇಲ್ಲವೇ ಎಲ್ಲೋ ಮಡಿಚಿಕೊಂಡಿರುತ್ತದೆ. ಕೆಮ್ಮಿದರೆ, ತುಟಿಯಂಚಲ್ಲಿ ಹಾಲು ಹರಿದರೆ ತಕ್ಷಣ ಮಡಿಚಿ ಹಿಡಿದು ಮಗುವನ್ನು ಎತ್ತಿ ಕೂರಿಸಿ, ಆಮೇಲೆ ಬಾಟ್ಲಿ ಒಂದು ಬಟನ್ ಇಳಿಸಿ.

ಎಲ್ಲಿ ಕೂರಬೇಕು? ದೊಡ್ಡ ಬಸ್ ನಿಲ್ದಾಣಗಳಲ್ಲಿ ಮಗುವಿಗೆ ಹಾಲುಣಿಸುವ ಕೊಠಡಿ ಇರುತ್ತದೆ. ಒಂದು ಕಡೆ ಬಾಗಿಲಿಗೆ ಬೀಗ, ಬೀಗದಕೈ ಕಂಟ್ರೋಲರ್ ಹತ್ತಿರ, ಅವರು ಊಟಕ್ಕೆ. ಆದ್ದರಿಂದ ಕೊಠಡಿ ಇದೆ ಅಂತ ನಂಬಿ ಹೊರಡಬೇಡಿ. ತೆರೆದಿದ್ದರೆ ಒಳ್ಳೆಯದು, ಟ್ಯೂಬ್ ಅಂಟಿಸುವ ಕೆಲಸಕ್ಕಾದರೂ ಆಗುತ್ತದೆ. ಛತ್ರದಲ್ಲಿ ಹೆಣ್ಣಿನ ಕಡೆಯವರ ಕೋಣೆಗಿಂತ ಊಟದ ಹಾಲ್‌ನ ಮೂಲೆಯೇ ವಾಸಿ. ಕೋಣೆಯಲ್ಲಿ ಹತ್ತು ಜನ ನೆಂಟರು, ಇಪ್ಪತ್ತು ಕಣ್ಣು. ಊಟದ ಹಾಲ್‌ನಲ್ಲಿ ಎಲ್ಲರಿಗೂ ಅವರವರ ಎಲೆಯದೇ ಧ್ಯಾನ.

ಯಾರಾದರೂ ಇಲ್ಲಿ ಕುಡಿಸಬೇಡಿ ಅಂದರೆ ಏಳಬೇಕಿಲ್ಲ. 2021ರಲ್ಲಿ ನಮ್ಮ ಹೈಕೋರ್ಟೇ ಎದೆಹಾಲೂಡಿಸುವುದು ತಾಯಿಯ ಹಕ್ಕು, ಕುಡಿಯುವುದು ಮಗುವಿನ ಹಕ್ಕು, ಸಂವಿಧಾನದ 21ನೇ ವಿಧಿ ಇದನ್ನು ಕಾಯುತ್ತದೆ ಅಂದಿದೆ. ಆ ಪ್ರಕರಣ ಓದಿದರೆ ನಮ್ಮಂಥವರಿಗೆ ಮೊದಲು ಎದೆ ಧಸಕ್ಕೆನ್ನುತ್ತದೆ. ಅದರಲ್ಲಿ ಸೋತವಳು ಸಾಕಿದ ತಾಯಿ. ಆಸ್ಪತ್ರೆಯಿಂದ ಕದ್ದ ಮಗು ಅವಳ ಕೈ ಸೇರಿತ್ತು, ಕೋರ್ಟು ಅದನ್ನು ಹೆತ್ತವಳಿಗೆ ಕೊಡಿಸಿತು. ಕೊಡಿಸಿದ್ದೇ ಸರಿ. ಕಾನೂನಿನ ಬಾಗಿಲಿಂದ ಬಂದ ಮಗುವಿಗೂ ಆ ಮಗುವಿಗೂ ಹೋಲಿಕೆ ಇಲ್ಲ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠವೂ ಸಾರ್ವಜನಿಕ ಜಾಗದಲ್ಲಿ ಹಾಲೂಡಿಸುವುದನ್ನು ಕೀಳಾಗಿ ನೋಡಬಾರದು ಅಂತ ಹೇಳಿದೆ. ಇದನ್ನೆಲ್ಲ ಬಸ್ಸಿನಲ್ಲಿ ವಾದ ಮಾಡಲು ಹೇಳುತ್ತಿಲ್ಲ. ಗೊತ್ತಿದ್ದರೆ ಕೂತ ಭಂಗಿಯೇ ಬೇರೆ ಇರುತ್ತದೆ.

ಬೇಡ ಅನ್ನುವವರು ಕಡಿಮೆ, ಮರುಗುವವರೇ ಜಾಸ್ತಿ. ಆ ಟ್ಯೂಬನ್ನು ಜನ ಆಸ್ಪತ್ರೆಯಲ್ಲಿ ಮೂಗಿಗೆ ಹಾಕಿದ್ದು ನೋಡಿರುತ್ತಾರೆ. ಹರಿಹರದ ಕಡೆಯ ಅಜ್ಜಿಯೊಬ್ಬರು ನನ್ನ ಸೆರಗಿನ ಸಂದಿಯಲ್ಲಿ ಟ್ಯೂಬ್ ಕಂಡು, “ಅಯ್ಯ ನನ್ನವ್ವಾ, ಕೂಸಿಗೆ ಏನಾಗೇತೆ?” ಅಂತ ಕಣ್ಣಲ್ಲಿ ನೀರು ತಂದುಕೊಂಡರು. “ಏನೂ ಆಗಿಲ್ಲಜ್ಜಿ, ನನಗೆ ಹಾಲು ಕಮ್ಮಿ, ಅದಕ್ಕೆ ಮೇಲಾಲು ಸೇರಿಸ್ತೀನಿ” ಅಂದೆ. ಮುಂದಿನ ಸ್ಟಾಪಿನ ತನಕ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಪಾಯಸ ಅಂತ ಬಾಣಂತಿ ಪಥ್ಯವೆಲ್ಲ ಹೇಳಿದರು. “ನನಗೆ ಹಾಲು ಕಮ್ಮಿ” ಅನ್ನುವುದು ನೂರಕ್ಕೆ ನೂರು ನಿಜ, ಅಷ್ಟಕ್ಕೆ ಮಾತು ನಿಲ್ಲುತ್ತದೆ. ಹೆರಿಗೆ ಎಲ್ಲಾಯಿತು, ನಾರ್ಮಲ್ಲೋ ಸಿಸೇರಿಯನ್ನೋ ಅಂತ ಮುಂದುವರಿದರೆ ಸುಳ್ಳು ಕಟ್ಟಬೇಡಿ, ಒಂದಕ್ಕೆ ಇನ್ನೊಂದು ಸೇರಿಸುತ್ತ ಹೋಗಬೇಕಾಗುತ್ತದೆ. “ದತ್ತು ತಗೊಂಡಿದೀವಿ” ಅಂತ ನಾನು ನೇರವಾಗಿ ಹೇಳುತ್ತೇನೆ. ಅದರಾಚೆ, ಯಾವ ಊರಿನದು, ಹೆತ್ತವರು ಯಾರು, ಯಾಕೆ ಬಿಟ್ಟರು ಅನ್ನುವುದಕ್ಕೆ “ಅದು ಅವಳ ವಿಷಯ, ದೊಡ್ಡವಳಾದ ಮೇಲೆ ಅವಳನ್ನೇ ಕೇಳಿ” ಅಂದುಬಿಡಿ. ನೆಂಟರ ಹತ್ತಿರ ಇನ್ನೂ ಗಟ್ಟಿಯಾಗಿರಬೇಕು, ಬಸ್ಸಿನವರು ಇಳಿದು ಹೋಗುತ್ತಾರೆ, ನೆಂಟರು ಇಳಿಯುವುದಿಲ್ಲ. “ಹಡೆಯದೆ ಇದೆಲ್ಲ ಯಾಕೆ ನಾಟಕ” ಅಂದ ದೊಡ್ಡಮ್ಮನಿಗೆ ನನ್ನ ಗಂಡನೇ ಉತ್ತರ ಕೊಟ್ಟ: “ದೊಡ್ಡವ್ವ, ಕೂಸಿಗೆ ಹಸಿವು ನಾಟಕ ಅಲ್ಲ.”

ಮಗುವಿಗೆ ಜ್ವರ, ಮೂಗು ಕಟ್ಟಿದೆ, ಚೀಪಲು ಶಕ್ತಿಯಿಲ್ಲ ಅನ್ನುವ ದಿನ ಟ್ಯೂಬಿನ ಹಟ ಬಿಟ್ಟು ಹೊಟ್ಟೆ ತುಂಬಿಸುವುದನ್ನು ನೋಡಿ. ದಿನಕ್ಕೆ ಆರಾದರೂ ಸಲ ಚೆನ್ನಾಗಿ ಉಚ್ಚೆ ಹೊಯ್ಯುತ್ತಿರಬೇಕು, ತೂಕ ಏರುತ್ತಿರಬೇಕು. ದತ್ತು ಸಂಸ್ಥೆಯವರು ಎರಡು ವರ್ಷ, ಆರಾರು ತಿಂಗಳಿಗೊಮ್ಮೆ ಮಗುವಿನ ವರದಿ ಮಾಡಿಕೊಳ್ಳಲು ಬರುತ್ತಾರೆ. ಟ್ಯೂಬ್ ವಿಷಯ ಅವರಿಂದ ಮುಚ್ಚಿಡಬೇಡಿ, ತೂಕದ ಕಾರ್ಡ್ ಮುಂದಿಟ್ಟು ಹೇಳಿ.

ಕುಡಿಸಿ ಆದ ಕೂಡಲೇ ಟ್ಯೂಬ್ ತೊಳೆಯಬೇಕು, ಊರು ಮುಟ್ಟಿದ ಮೇಲಲ್ಲ. ಒಣಗಿದ ಪೌಡರ್ ಹಾಲು ಒಳಗೆ ಹಿಡಿದರೆ ಯಾವ ಸೋಪಿಗೂ ಬಿಡುವುದಿಲ್ಲ. ಬಾಟ್ಲಿಯಲ್ಲಿ ತಂದ ನೀರನ್ನು, ಮೊದಲು ತಣ್ಣಗಿನದು, ಸಿರಿಂಜಿನಿಂದ ಹಾಯಿಸಿ, ಹೊರಬರುವ ನೀರು ತಿಳಿಯಾಗುವ ತನಕ. ರೈಲಿನ ನಲ್ಲಿ ನೀರು ಬೇಡ. ಆಮೇಲೆ ಖಾಲಿ ಸಿರಿಂಜಿನಿಂದ ಗಾಳಿ ಊದಿ ಒಳಗಿನ ಹನಿ ತೆಗೆದು ಪ್ರತ್ಯೇಕ ಡಬ್ಬಿಗೆ ಹಾಕಿ. ಮನೆಗೆ ಬಂದು ಬಿಸಿನೀರು ಸೋಪಿನಲ್ಲಿ ಇನ್ನೊಮ್ಮೆ ತೊಳೆದು, ಬಾಟ್ಲಿಯನ್ನು ಕುದಿಸಿ. ಹಿಂದಿರುಗುವ ದಾರಿಗೆ ಪ್ಯಾಕೆಟ್ ಒಡೆಯದ ಹೊಸ ಟ್ಯೂಬ್ ಒಂದು, ಟೇಪಿನ ಸುರುಳಿ, ಪುಟ್ಟ ಕತ್ತರಿ ಚೀಲದ ಹೊರಜೇಬಿನಲ್ಲಿ ಇದ್ದೇ ಇರಲಿ.